ದವನದ ಎಣ್ಣೆಯ ಉಂಗುರ

೧೯೭೪ರಲ್ಲಿ ನನ್ನ ಓದು ನಿಂತಿತು. ಏಳನೆಯ ಇಯತ್ತೆ, ದೀಪಾವಳಿ ಸೂಟಿ ಮುಗಿದ ಮರುದಿನ. ಬೈಲಹೊಂಗಲದ ಹತ್ತಿ ಜಿನ್ನಿನಲ್ಲಿ ದುಡಿಯುತ್ತಿದ್ದ ಅಪ್ಪನ ಬಲಗೈ ಯಂತ್ರಕ್ಕೆ ಸಿಕ್ಕು ಮೂರು ಬೆರಳು ಹೋಗಿದ್ದವು. ಅವನ ಜಾಗಕ್ಕೆ ಮನೆಯಿಂದ ಯಾರಾದರೂ ಹೋಗಲೇಬೇಕಿತ್ತು. ನೇಸರಗಿಯ ನಮ್ಮ ಶಾಲೆಯ ಮಾಸ್ತರರು ಹಾಜರಿ ಪುಸ್ತಕ ತೆರೆದು, "ಕಡೀಲೇನೋ ಹೆಸರ?" ಎಂದು ಕೇಳಿದರು. ನಾನು ತಲೆಯಾಡಿಸಿದೆ. ಅಡಿಪಟ್ಟಿ ಇಟ್ಟು ಕೆಂಪು ಶಾಯಿಯಲ್ಲಿ ನನ್ನ ಹೆಸರಿನ ಮೇಲೆ ಒಂದು ಗೆರೆ ಎಳೆದರು. ಬಹಳ ನೆಟ್ಟಗಿನ ಗೆರೆ. ಶಾಯಿ ಒಣಗುವ ತನಕ ನಾನು ಅಲ್ಲೇ ನಿಂತಿದ್ದೆ.

ಈ ಮಾತನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಎಂದರೆ, ಮುಂದೆ ಹೇಳುವುದಕ್ಕೂ ಆ ಗೆರೆಗೂ ಸಂಬಂಧ ಇದೆ. ಕಾಲೇಜುಗಳ ಪ್ರಯೋಗಾಲಯಗಳಿಗೆ ಈಗ ಸಹಾಯಕರಾಗಿ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರೆಲ್ಲ ಪದವಿ ಓದಿದವರು. ನನಗಿಂತ ಹೆಚ್ಚು ಬಲ್ಲವರು. ಆದರೆ ಗಾಜಿನ ಡಿಷ್ ತೊಳೆಯುವ ವಿಷಯದಲ್ಲಿ ನನಗಿಂತ ಹೆಚ್ಚು ಬಲ್ಲವರು ಈ ನಾಲ್ಕು ತಾಲೂಕಿನಲ್ಲಿ ಇದ್ದಾರೆಂದು ನಾನು ಒಪ್ಪುವುದಿಲ್ಲ.

ಜಿನ್ನಿನಲ್ಲಿ ಹನ್ನೆರಡು ವರ್ಷ ಹತ್ತಿ ಹೊತ್ತ ಮೇಲೆ ಬೈಲಹೊಂಗಲದ ಒಂದು ಕಾಲೇಜಿಗೆ ಸಿಪಾಯಿಯಾಗಿ ಸೇರಿದೆ. ೧೯೯೨ರಲ್ಲಿ ಸಸ್ಯಶಾಸ್ತ್ರದ ಪ್ರಯೋಗಾಲಯದ ಹಳೆಯ ಸಹಾಯಕರು ನಿವೃತ್ತರಾದಾಗ ನನ್ನನ್ನು ಅಲ್ಲಿಗೆ ಹಾಕಿದರು. ವಿಭಾಗದ ಮುಖ್ಯಸ್ಥರನ್ನು ನಾವೆಲ್ಲ ದೊಡ್ಡ ಸರ್ ಎನ್ನುತ್ತಿದ್ದೆವು. ಅವರು ನನ್ನ ಅಂಗೈಗಳನ್ನು ನೋಡಿದರು. ಹತ್ತಿ ಅಂಡಿಗೆ ಎತ್ತಿ ಎತ್ತಿ ಒರಟಾದ ಕೈಗಳು.

"ಏಳನೇತ್ತಿ ಓದಿದಾಂವಗ ಗಾಜಿನ ಸಾಮಾನ ಕೊಡೂದು ಅಂದ್ರ, ಎತ್ತಿನ ಕೊಳ್ಳಾಗ ಬಳಿ ಹಾಕಿದಂಗ ಆತಲ್ಲೋ" ಎಂದರು. ಗಾಜಿನ ಕಪಾಟಿನ ಕೀಲಿಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡರು. ನನಗೆ ಒಂದು ಕುಪ್ಪಿ ಬೇಕಾದರೂ ಅವರ ಮುಂದೆ ಹೋಗಿ ನಿಲ್ಲಬೇಕಿತ್ತು.

ನಾನು ಇಡೀ ನೌಕರಿಯಲ್ಲಿ ಒಡೆದದ್ದು ನಾಲ್ಕು ಸಾಮಾನು. ನಾಲ್ಕರ ಹೆಸರನ್ನೂ ಈಗ ಕೇಳಿದರೂ ಹೇಳುತ್ತೇನೆ.

೧೯೯೬ರ ಜೂನಿನಲ್ಲಿ ಅನಸೂಯಾ ಮೇಡಂ ಬಂದರು. ಧಾರವಾಡದವರು, ಮೂವತ್ತರ ಒಳಗಿನ ವಯಸ್ಸು, ಕಾಲಲ್ಲಿ ಬಾಟಾದ ಗಂಡಸರ ಚಪ್ಪಲಿ. ಬಂದ ಮೊದಲ ದಿನ ಒಂದು ಡಿಷ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, "ಇದನ್ನ ಯಾರ ತೊಳದಾರ?" ಎಂದು ಕೇಳಿದರು. ಏನೋ ತಪ್ಪಾಯಿತು ಎಂದುಕೊಂಡು ಮುಂದೆ ಬಂದೆ.

"ನಾನ್ರಿ ಮೇಡಮ್ಮಾರ."

"ನಿಮ್ಮ ಹೆಸರೇನ್ರಿ?"

"ರುದ್ರಪ್ಪ."

"ರುದ್ರಪ್ಪಾರ, ಇಷ್ಟ ಸ್ವಚ್ಛ ಡಿಷ್ ನಾ ಯುನಿವರ್ಸಿಟಿಯಾಗೂ ನೋಡಿಲ್ಲ ನೋಡ್ರಿ."

ನನ್ನ ಹೆಸರಿಗೆ 'ಅವರು' ಸೇರಿಸಿದ ಮೊದಲನೆಯವರು ಆಕೆ. ಅಂದಿನಿಂದ ಎಂಟು ವರ್ಷ, ಬೆಳಿಗ್ಗೆ ಎಂಟೂವರೆಗೆ ಬಾಗಿಲಲ್ಲಿ ಚಪ್ಪಲಿಯ ಸಪ್ಪಳ, ಹಿಂದೆಯೇ "ರುದ್ರಪ್ಪಾರ, ಬಂದೀರೇನ್ರಿ?" ಎಂಬ ದನಿ. ನಾನು ಏಳು ಗಂಟೆಗೇ ಬಂದಿರುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು. ಆದರೂ ದಿನಾ ಕೇಳುತ್ತಿದ್ದರು. ಈಗಲೂ ಎಂಟೂವರೆಗೆ ಕಿವಿ ತಾನಾಗಿ ಬಾಗಿಲ ಕಡೆ ಹೋಗುತ್ತದೆ.

ಅವರ ಅಭ್ಯಾಸದ ವಿಷಯ, ಗಿಡಗಳ ಸುವಾಸನೆಯ ಎಣ್ಣೆ ರೋಗ ತರುವ ಬ್ಯಾಕ್ಟೀರಿಯಾಗಳನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದು. ಡಾಕ್ಟರೇಟ್‌ಗಾಗಿ ಮಾಡುತ್ತಿದ್ದರು. ಕೆಲಸ ಹೇಗೆಂದರೆ: ಎಲೆಗಳನ್ನು ಮೂರು ಸಲ ತೊಳೆದು, ನೆರಳಿನಲ್ಲಿ ಆರಿಸಿ, ನೀರಿನ ಜೊತೆ ಗಾಜಿನ ಗುಂಡುಕುಪ್ಪಿಗೆ ಹಾಕಿ ಮೂರು ತಾಸು ಕುದಿಸಬೇಕು. ಹಬೆ ಮೇಲೇರಿ, ತಣ್ಣೀರಿನ ಕೊಳವೆಯಲ್ಲಿ ತಣಿದು, ಸಣ್ಣ ನಳಿಗೆಯಲ್ಲಿ ಹನಿಹನಿಯಾಗಿ ಇಳಿಯುತ್ತದೆ. ಕೆಳಗೆ ನೀರು, ಅದರ ಮೇಲೆ ಒಂದು ತೆಳ್ಳನೆಯ ಎಣ್ಣೆಯ ಪದರು. ಒಂದು ಹೊರೆ ಎಲೆಗೆ ಒಂದು ಚಮಚವೂ ಬರುವುದಿಲ್ಲ. ಅಷ್ಟಕ್ಕೇ ಇಡೀ ಕೋಣೆ ಘಮ್ಮೆನ್ನುತ್ತಿತ್ತು.

ಅಗರ್ ಎಂಬ ಕಡಲಪಾಚಿಯ ಪುಡಿಯನ್ನು ಕಾಸಿ ಡಿಷ್‌ಗೆ ಸುರಿದರೆ ಗಿಣ್ಣದ ಹಾಗೆ ಗಟ್ಟಿಯಾಗುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ಹರಡಿ, ನಡುವೆ ಎಣ್ಣೆ ಸವರಿದ ಕಾಗದದ ಬಿಲ್ಲೆ ಇಟ್ಟು, ಮೈಯ ಬಿಸಿಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿ ಒಂದು ದಿನ ಬಿಡಬೇಕು. ಮರುದಿನ ಡಿಷ್ ಮಂಜು ಹಿಡಿದಂತೆ ಬೆಳ್ಳಗಾಗಿರುತ್ತದೆ. ಅದು ಬೆಳೆದ ಬ್ಯಾಕ್ಟೀರಿಯಾ. ಎಣ್ಣೆಗೆ ಶಕ್ತಿ ಇದ್ದರೆ ಬಿಲ್ಲೆಯ ಸುತ್ತ ಒಂದು ತಿಳಿಯಾದ ಉಂಗುರ ಬಿದ್ದಿರುತ್ತದೆ. ಉಂಗುರ ದೊಡ್ಡದಾದಷ್ಟೂ ಎಣ್ಣೆ ಗಟ್ಟಿ. ಪುಸ್ತಕದಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ. ನಾನು ಉಂಗುರ ಎಂದೆ. ಕೆಲವೇ ದಿನಗಳಲ್ಲಿ ಮೇಡಂ ಕೂಡ ಉಂಗುರ ಎನ್ನತೊಡಗಿದರು.

ಈಗ ಬಿಲ್ಲೆಗಳು ಪಾಕೀಟಿನಲ್ಲಿ ಬರುತ್ತವೆ, ಡಿಷ್ ಪ್ಲಾಸ್ಟಿಕ್‌ನದು, ಬಳಸಿ ಬಿಸಾಡುತ್ತಾರೆ. ನಾವು ಆಫೀಸಿನ ಪಂಚಿಂಗ್ ಮಷೀನಿನಿಂದ ಸೋಸುವ ಕಾಗದವನ್ನು ಕೊರೆದು ಬಿಲ್ಲೆ ಮಾಡುತ್ತಿದ್ದೆವು. ಬಿಲ್ಲೆ, ಡಿಷ್‌ಗಳಲ್ಲಿ ಬೇರೆ ಯಾವ ಬ್ಯಾಕ್ಟೀರಿಯಾವೂ ಉಳಿಯದಂತೆ ಹಬೆಯಲ್ಲಿ ಬೇಯಿಸಲು ಮೇಡಂ ಮನೆಯಿಂದ ತಂದ ಕುಕ್ಕರು. ಅಗರ್ ಸುರಿಯುವ ಹದ ತಿಳಿಯಲು ಕುಪ್ಪಿಯನ್ನು ಕೆನ್ನೆಗೆ ಹಚ್ಚಿ ನೋಡುತ್ತಿದ್ದೆ. ಕೆನ್ನೆ ತಡೆದರೆ ಸುರಿಯಬಹುದು. ಹೊಸಬರು ಕೆನ್ನೆಗೆ ಹಚ್ಚಬೇಕಿಲ್ಲ. ಆದರೆ ತೊಳೆಯುವುದನ್ನು ಕಲಿಯಿರಿ. ತೊಳೆದ ಗಾಜಿನ ಮೇಲೆ ನೀರು ಹಾಳೆಯಂತೆ ಜಾರಬೇಕು, ಹನಿಯಾಗಿ ನಿಲ್ಲಬಾರದು. ಹನಿ ನಿಂತರೆ ಎಲ್ಲೋ ಜಿಡ್ಡು ಉಳಿದಿದೆ ಎಂದರ್ಥ.

ಬ್ಯಾಕ್ಟೀರಿಯಾ ಬೆಳಗಾವಿಯಿಂದ ತರಬೇಕಿತ್ತು. ಸಣ್ಣ ನಳಿಗೆಗಳಲ್ಲಿ ಕೊಡುತ್ತಿದ್ದರು. ಒಂದರಲ್ಲಿ ಕೀವು ಮಾಡುವಂಥದ್ದು, ಇನ್ನೊಂದರಲ್ಲಿ ವಿಷಮಶೀತ ಜ್ವರದ್ದು, ಮತ್ತೊಂದರಲ್ಲಿ ಭೇದಿಯದ್ದು. ಚಹದ ಥರ್ಮಾಸಿನಲ್ಲಿ ಬರ್ಫ ತುಂಬಿ, ನಳಿಗೆಗಳನ್ನು ಅದರೊಳಗೆ ಇಳಿಸಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಒಮ್ಮೆ ನೇಸರಗಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಪಕ್ಕದಲ್ಲಿ ಕೂತ ಮುದುಕರ ಕಣ್ಣು ಥರ್ಮಾಸಿನ ಮೇಲೆ.

"ತಮ್ಮಾ, ಒಂದ ಗುಟುಕ ಚಹಾ ಕೊಡೋ. ನಾಲಗಿ ಒಣಗೇತಿ."

"ಚಹಾ ಅಲ್ರೀ ಕಾಕಾ, ಜ್ವರಾ ಐತ್ರಿ ಇದರಾಗ."

"ಕೊಡಾಕ ಮನಸಿಲ್ಲಂದ್ರ ಇಲ್ಲ ಅನ್ನು, ಜ್ವರಾ ಯಾಕ ಅಂತಿ? ನೇಸರಗಿ ಮಂದಿ ಯಾವಾಗಿಂದ ಇಷ್ಟ ಜುಗ್ಗ ಆದ್ರು?"

ಬಸ್ಸು ನಿಂತ ಊರು ನೋಡಿ ಹಾಗೆಂದರೋ ಏನೋ, ನಾನು ನಿಜಕ್ಕೂ ನೇಸರಗಿಯವನೇ. ಊರಿನ ಮರ್ಯಾದೆಗಾಗಿ ಕೆಳಗಿಳಿದು ಅವರಿಗೊಂದು ಕಪ್ಪು ಚಹ ಕೊಡಿಸಿದೆ. ಥರ್ಮಾಸನ್ನು ಕಂಕುಳಲ್ಲೇ ಹಿಡಿದಿದ್ದೆ. ಮುದುಕರು ಚಹ ಕುಡಿಯುತ್ತ, "ಅದರಾಗಿಂದು ಇದಕ್ಕಿಂತ ಚಲೋ ಇರತಿತ್ತು ಬಿಡು" ಎಂದರು. ಈ ಕತೆಯನ್ನು ಕೇಳಿದ ದಿನ ಮೇಡಂ ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತುಬಿಟ್ಟರು.

ನನ್ನ ಮೊದಲ ದೊಡ್ಡ ತಪ್ಪು ನಡೆದದ್ದು ಮಹಾನವಮಿಯ ಖಂಡೆ ಪೂಜೆಯ ದಿನ. ಆ ದಿನ ದುಡಿಯುವ ಸಾಮಾನುಗಳನ್ನು ಪೂಜಿಸುವುದು ನಮ್ಮಲ್ಲಿ ಬಿಡದ ಪದ್ಧತಿ. ಜಿನ್ನಿನಲ್ಲಿ ಯಂತ್ರಕ್ಕೆ ಮಾಡುತ್ತಿದ್ದೆವು. ಇಲ್ಲಿ ನನ್ನ ಯಂತ್ರ ಎಂದರೆ ಆ ಬಿಸಿಪೆಟ್ಟಿಗೆ. ಅದಕ್ಕೆ ವಿಭೂತಿ ಹಚ್ಚಿದೆ, ಹೂವಿಟ್ಟೆ. ಹೊರಗಿನಿಂದ ಮಾಡಿದ್ದು ಸಾಲದು, ಕೆಲಸ ನಡೆಯುವುದು ಒಳಗೆ ತಾನೆ ಎಂದು, ಕೆಂಡದ ಮೇಲೆ ಲೋಬಾನ ಹಾಕಿದ ಬಟ್ಟಲನ್ನು ಒಳಗೇ ಇಟ್ಟು ಬಾಗಿಲು ಹಾಕಿದೆ. ಹೊಗೆ ಚೆನ್ನಾಗಿ ತುಂಬಲಿ ಎಂದು. ಅಂದೇ ಮುಂಜಾನೆ ಮೇಡಂ ಇಟ್ಟಿದ್ದ ಹೊಸ ಡಿಷ್‌ಗಳು ಒಳಗಿದ್ದವು.

ಮರುದಿನ ಯಾವ ಡಿಷ್‌ನಲ್ಲೂ ಬ್ಯಾಕ್ಟೀರಿಯಾ ಸರಿಯಾಗಿ ಬೆಳೆದಿರಲಿಲ್ಲ. ಅಲ್ಲೊಂದು ಇಲ್ಲೊಂದು ಚುಕ್ಕೆ, ಅಷ್ಟೇ. ದೊಡ್ಡ ಸರ್ ಮೂಗೆಳೆದು, "ಇದೇನ್ ಪ್ರಯೋಗಾಲಯನೋ ದರ್ಗಾನೋ?" ಎಂದರು. ಮೇಡಂ ಬಯ್ಯಲಿಲ್ಲ. ನನ್ನನ್ನು ಕಿಟಕಿಯ ಬಳಿ ಕರೆದು ಒಂದು ಡಿಷ್ ತೋರಿಸಿದರು. ಅದರಲ್ಲಿದ್ದದ್ದು ಎಣ್ಣೆ ಸವರದ ಬರೀ ಬಿಲ್ಲೆ.

"ರುದ್ರಪ್ಪಾರ, ದಿನಾ ಒಂದು ಖಾಲಿ ಬಿಲ್ಲಿ ಯಾಕ ಇಡತೇವಿ ಹೇಳ್ರಿ?"

"ನೀವ ಹೇಳೀರಿ ಅಂತ ಇಡತೇನ್ರಿ."

"ಅದು ನಮ್ಮ ಸಾಕ್ಷಿ. ಅದರ ಸುತ್ತ ಬ್ಯಾಕ್ಟೀರಿಯಾ ಚಂದಂಗ ಬೆಳದಿರಬೇಕು. ಇವತ್ತ ಅಲ್ಲೂ ಬೆಳದಿಲ್ಲ. ಅಂದ್ರ ನಮ್ಮ ಎಣ್ಣಿ ಕೊಂದಿಲ್ಲ, ಮತ್ತೇನೋ ಕೊಂದೈತಿ. ಹೊಗಿನೋ, ಕೆಂಡದ ಕಾವೋ, ನನಗೂ ಗೊತ್ತಿಲ್ಲ. ಯಾಕಂದ್ರ ನೀವು ಎರಡೂ ಕೂಡೇ ಇಟ್ಟೀರಿ. ಒಂದ ಸಲಕ್ಕ ಒಂದ ಬದಲ ಮಾಡಬೇಕು. ಆಗ ಅದು ಖರೇ ಹೇಳತೈತಿ."

ಏಳನೆಯ ಇಯತ್ತೆಯ ನಂತರ ನನಗೆ ಯಾರಾದರೂ ಪಾಠ ಹೇಳಿದ್ದು ಅದೇ ಮೊದಲು. ಖಾಲಿ ಬಿಲ್ಲೆ ನಮ್ಮ ಸಾಕ್ಷಿ. ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡೆ.

ಮುಂದಿನ ನಾಲ್ಕು ವರ್ಷ ಗಿಡ ಹುಡುಕಿಕೊಂಡು ತಿರುಗಿದೆವು. ಕಿತ್ತೂರಿನ ಕಡೆಯ ಕೆರೆದಂಡೆಯಿಂದ ಕಾಡುತುಳಸಿ, ರಾಮದುರ್ಗದ ಎರೆಹೊಲಗಳಿಂದ ಅಜವಾನ, ಅಂದರೆ ಓಂಕಾಳು. ಅಜವಾನದ ಎಣ್ಣೆಯ ಉಂಗುರ ಎಲ್ಲಕ್ಕಿಂತ ದೊಡ್ಡದು. ಜ್ವರದ್ದಿರಲಿ, ಕೀವಿನದ್ದಿರಲಿ, ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಆದರೆ ದೊಡ್ಡ ಸರ್, "ಅಜವಾನ ಹೊಟ್ಟಿಗೆ ಚಲೋ ಅಂತ ನಮ್ಮವ್ವನೂ ಹೇಳತಿದ್ಲು. ಅದಕ್ಯಾಕ ಡಾಕ್ಟರೇಟ್?" ಎನ್ನುವರು. ಮಾತು ಒರಟು, ಆದರೆ ಸುಳ್ಳಲ್ಲ. ಅಜವಾನದ ಬಗ್ಗೆ ಬೇರೆಯವರು ಎಷ್ಟೋ ಬರೆದಾಗಿತ್ತು. ಮೇಡಂಗೆ ಹೊಸದೊಂದು ಬೇಕಿತ್ತು.

ಒಂದು ದಿನ ಡಿಷ್ ಒರೆಸುತ್ತ ನಾನೇ ಹೇಳಿದೆ, "ಮೇಡಮ್ಮಾರ, ದವನಾ ನೋಡೂಣೇನ್ರಿ? ನಮ್ಮ ಕಡೆ ದೇವರಿಗೆ ಏರಸತಾರ್ರಿ. ನಮ್ಮವ್ವ ಗಾಯಕ್ಕೂ ಅರದ ಹಚ್ಚತಿದ್ಲು."

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಇಷ್ಟ ವರ್ಷ ಯಾಕ ಸುಮ್ಮನ ಕುಂತಿದ್ರಿ?"

ದವನ ತರಲು ಉಗರಗೋಳಕ್ಕೆ ಹೋದೆ. ಯಲ್ಲಮ್ಮನ ಗುಡ್ಡದ ಬುಡದ ಊರು. ಅಲ್ಲಿ ಹಾದಿಬದಿಯಲ್ಲಿ ಕಾಯಿ, ಕರ್ಪೂರ, ದವನ ಮಾರುವ ನೀಲವ್ವ ಎಂಬಾಕೆಯ ಅಂಗಡಿ. ನಾಲ್ಕು ಕಟ್ಟು ಕೇಳಿದೆ. ಆಕೆ ಕಟ್ಟುಗಳನ್ನು ಕೊಡುವ ಮುಂಚೆ ಪಕ್ಕದ ಬುಟ್ಟಿಯಿಂದ ಭಂಡಾರ ಎತ್ತಿ ಮುಷ್ಟಿಗಟ್ಟಲೆ ಸುರಿದು, ಕೈಯಾಡಿಸಿ, "ಉಧೋ" ಎಂದಳು. ಭಂಡಾರ ಎಂದರೆ ತಾಯಿಯ ಅರಿಶಿನಪುಡಿ. ಆ ಗುಡ್ಡಕ್ಕೆ ಹೋದವರ ಹಣೆ, ಅಂಗಿ, ಬಸ್ಸಿನ ಸೀಟು ಎಲ್ಲವೂ ಹಳದಿಯಾಗುವುದು ಅದರಿಂದಲೇ.

ನಮ್ಮ ಪ್ರಯೋಗಾಲಯದ ವಹಿಯಲ್ಲಿ 'ತೊಳೆದಿದೆ' ಎಂಬ ಒಂದು ಖಾನೆ ಇತ್ತು. ಪ್ರತಿ ಗಿಡಕ್ಕೂ ಅಲ್ಲಿ ನಾನು ಗುರುತು ಹಾಕಬೇಕು. ದವನವನ್ನು ನಲ್ಲಿಯ ಕೆಳಗೆ ಹಿಡಿದವನು ಕೈ ಹಿಂದೆ ತೆಗೆದೆ. ತಾಯಿಯ ಭಂಡಾರ ಕಾಲೇಜಿನ ಗಟಾರದಲ್ಲಿ ಹರಿದುಹೋಗುವುದೇ? ಧೂಳಾದರೆ ತೊಳೆಯಬೇಕು, ಭಂಡಾರ ಹೊಲಸಲ್ಲ. ಹಾಗೆಂದುಕೊಂಡು, ಇದ್ದ ಹಾಗೆಯೇ ಗುಂಡುಕುಪ್ಪಿಗೆ ಹಾಕಿ, ಖಾನೆಯಲ್ಲಿ ಗುರುತು ಹಾಕಿದೆ. ಎಣ್ಣೆ ಇಳಿಯುವಾಗ ದವನದ ಹಣ್ಣಿನಂಥ ಸುವಾಸನೆಯ ಕೆಳಗೆ ಹಸಿ ಅರಿಶಿನದ ವಾಸನೆ ಮೂಗಿಗೆ ಹತ್ತಿತು. ತಾಯಿಯೇ ಬಂದಂತಾಯಿತು ಎಂದು ಕೈಮುಗಿದೆ. ಮೇಡಂಗೆ ಹೇಳಲಿಲ್ಲ.

ಮರುದಿನ ಕೀವಿನ ಬ್ಯಾಕ್ಟೀರಿಯಾದ ಡಿಷ್‌ನಲ್ಲಿ ಬಿದ್ದ ಉಂಗುರ ಅಜವಾನದ ಉಂಗುರದ ಸಮಕ್ಕೆ ಇತ್ತು. ಮೇಡಂ ಉಕ್ಕಿನ ಸ್ಕೇಲನ್ನು ಮೂರು ಸಲ ಇಟ್ಟು ಅಳೆದರು. ಆಮೇಲೆ ನನ್ನ ಕೈಗೆ ಕೊಟ್ಟು, "ನೀವ ಅಳೀರಿ, ನನ್ನ ಕಣ್ಣ ಮ್ಯಾಲೆ ನನಗ ನಂಬಿಕಿ ಇಲ್ಲ" ಎಂದರು. ಅಳೆದೆ. ಅಷ್ಟೇ ಬಂತು.

"ಇದನ್ನ ಧಾರವಾಡದ ವಿಜ್ಞಾನ ಸಭಾದಾಗ ಓದೂಣು, ಪತ್ರಿಕಿಗೂ ಕಳಸೂಣು. ನಿಮ್ಮ ಹೆಸರೂ ಹಾಕತೇನಿ ರುದ್ರಪ್ಪಾರ."

"ನಂದ ಯಾಕ್ರಿ ಮೇಡಮ್ಮಾರ?"

"ದವನಾ ಅಂತ ಹೇಳಿದವರು ನೀವು, ತಂದವರು ನೀವು, ಎಣ್ಣಿ ಇಳಿಸಿದವರು ನೀವು. ನಿಮ್ಮ ಅಪ್ಪಾರ ಹೆಸರೇನ್ರಿ? ಪೂರ್ತಿ ಬರೀಬೇಕು."

"ಬಸಪ್ಪ" ಎಂದೆ. ಮೂರು ಬೆರಳು ಹೋದ ನನ್ನಪ್ಪ ಹೆಬ್ಬೆಟ್ಟು ಒತ್ತಿದ್ದನ್ನು ಬಿಟ್ಟರೆ ಎಂದೂ ಯಾವ ಕಾಗದದ ಮೇಲೂ ಬಂದವನಲ್ಲ.

ವಾರದ ನಂತರ ಮೇಡಂ ಧಾರವಾಡದಿಂದ ಟೈಪ್ ಮಾಡಿಸಿ ತಂದರು. ಆರು ಹಾಳೆ, ಎಲ್ಲಾ ಇಂಗ್ಲಿಷ್. ಮೇಲೆ ದೊಡ್ಡಕ್ಷರದ ತಲೆಬರಹ, ಅದರ ಕೆಳಗೆ ಅವರ ಹೆಸರು, ಅವರ ಹೆಸರಿನ ಪಕ್ಕದಲ್ಲಿ ನನ್ನ ಹೆಸರು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ರುದ್ರಪ್ಪ ಬಸಪ್ಪ. ಒಂದು ದಿನದ ಮಟ್ಟಿಗೆ ಎಂದು ಕೇಳಿಕೊಂಡು ಮನೆಗೆ ಒಯ್ದು ನನ್ನ ಹೆಂಡತಿ ಗಂಗವ್ವನಿಗೆ ತೋರಿಸಿದೆ. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲಿ ಮುಟ್ಟಬಾರದೆಂದು ದೂರದಿಂದಲೇ ಬಗ್ಗಿ ನೋಡಿದಳು.

"ಹೆಸರ ಬಂದ್ರ ರೊಟ್ಟಿ ಎರಡ ಹೆಚ್ಚ ತಿಂತೀರೇನು?" ಎಂದಳು. ಆದರೆ ಆ ದಿನ ಎರಡು ಹೆಚ್ಚೇ ಹಾಕಿದಳು.

ಸಭೆಗೆ ಇನ್ನೂ ಒಂದು ತಿಂಗಳಿತ್ತು. ಮೂರು ಸಲ ಬಂದರೆ ಮಾತ್ರ ನಿಜ ಎಂಬುದು ಮೇಡಂ ನಿಯಮ. ಎರಡನೆಯ ಸಲಕ್ಕೆ ಮನೋಳಿಯ ಹೊಳೆದಂಡೆಯ ತೋಟದಿಂದ ದವನ ತರಿಸಿದರು. ಅದಕ್ಕೆ ಭಂಡಾರ ಇರಲಿಲ್ಲ. ಮೂರು ಸಲ ತೊಳೆದೆ. ಉಂಗುರ ಬಿತ್ತು. ಆದರೆ ಸಣ್ಣದು, ಬಿಲ್ಲೆಯ ಅಂಚಿಗೆ ನೂಲು ಸುತ್ತಿದಷ್ಟು.

ದೊಡ್ಡ ಸರ್ ನೋಡಿದರು. "ಏಳನೇತ್ತಿ ಕೈ ಅಲ್ಲೇನ್ರೀ ಅದು. ಏನರೆ ಹೆಚ್ಚುಕಮ್ಮಿ ಮಾಡಿರತಾನ."

"ರುದ್ರಪ್ಪಾರ ಕೈ ತಪ್ಪಂಗಿಲ್ಲ ಸರ್," ಎಂದರು ಮೇಡಂ, ತಲೆಯನ್ನೂ ಎತ್ತದೆ. "ಮಣ್ಣಿನ ಗುಣ ಇರಬೇಕು. ಗುಡ್ಡದ ದವನಾನ ಬ್ಯಾರೆ, ಹೊಳಿ ದವನಾನ ಬ್ಯಾರೆ. ಉಗರಗೋಳದಿಂದ ಇನ್ನೊಮ್ಮೆ ತರಸತೇನಿ."

ಬಯ್ಗುಳ ನನಗೆ ನಾಟಲಿಲ್ಲ. ಮೇಡಂ ಆಡಿದ ಮಾತು ನಾಟಿತು. ವಹಿಯ ಖಾನೆಯಲ್ಲಿ ನಾನು ಹಾಕಿದ ಗುರುತು ಕಣ್ಣಮುಂದೆ ಬಂತು.

ಶನಿವಾರ ಮುಂಜಾನೆ ಉಗರಗೋಳಕ್ಕೆ ಹೋದೆ. "ನೀಲವ್ವಕ್ಕ, ಈ ಸಲ ಎರಡ ಕಟ್ಟು ಭಂಡಾರ ಹಾಕದ ಕೊಡು" ಎಂದೆ.

"ಯಾಕೋ ಯಪ್ಪಾ, ತಾಯಿ ಮ್ಯಾಲೆ ಸಿಟ್ಟಾಗಿಯೇನು?"

"ಸಿಟ್ಟಲ್ಲಬೇ. ಒಂದ ಪರೀಕ್ಷಾ ಐತಿ."

"ಭಂಡಾರ ಹಾಕಲಿಲ್ಲಂದ್ರ ಅದು ಹುಲ್ಲು, ದವನಾ ಅಲ್ಲ. ಪರೀಕ್ಷಾದಾಗ ನಪಾಸ ಆದ್ರ ನನ್ನ ಬೈಬ್ಯಾಡ."

ಎರಡು ಕಟ್ಟು ಬರಿದು, ಎರಡು ಕಟ್ಟು ಭಂಡಾರ ಹಾಕಿದ್ದು, ಒಂದು ಪುಡಿಕೆ ಬರೀ ಭಂಡಾರ. ಮೂರನ್ನೂ ಬೇರೆ ಬೇರೆ ಕಟ್ಟಿಸಿಕೊಂಡು ಬಂದೆ. ಶನಿವಾರ ಮಧ್ಯಾಹ್ನ ಎಣ್ಣೆ ಇಳಿಸಲು ಕೂತವನು ಭಾನುವಾರ ಮಧ್ಯಾಹ್ನಕ್ಕೆ ಮೂರೂ ಮುಗಿಸಿದೆ. ಭಂಡಾರ ಹಾಕದ ಕಟ್ಟಿನ ದವನವನ್ನು ಮೂರು ಸಲ ತೊಳೆದಿದ್ದೆ. ನಡುವೆ ಮನೆಗೆ ಊಟಕ್ಕೆ ಹೋದಾಗ ಎರಡನೆಯ ರೊಟ್ಟಿ ಬೇಡವೆಂದೆ. ಗಂಗವ್ವ ಕೇಳಿದಳು. ಎಲ್ಲಾ ಹೇಳಿದೆ. ಯಾರಿಗೂ ಹೇಳದೆ ಮೊದಲ ಸಲದ ಹಾಗೆ ಭಂಡಾರದ ಸಮೇತ ಕುದಿಸಿಬಿಟ್ಟರೆ ಉಂಗುರ ದೊಡ್ಡದೇ ಬೀಳಬಹುದು, ಹೆಸರು ಅಚ್ಚಾಗುತ್ತದೆ, ಕೇಳುವವರು ಯಾರೂ ಇಲ್ಲ ಎಂಬುದನ್ನೂ ಹೇಳಿದೆ.

ಅವಳು ನೀರಿನ ತಂಬಿಗೆ ಮುಂದಿಟ್ಟು, "ತಾಯಿ ಭಂಡಾರ ಹಣೀಗೆ ಹಚ್ಚೂದು, ಮಂದಿ ಕಣ್ಣಿಗೆ ಅಲ್ಲ" ಎಂದಳು.

ನಾಲ್ಕು ಡಿಷ್ ಇಟ್ಟೆ. ನಾಲ್ಕರಲ್ಲೂ ಕೀವಿನ ಬ್ಯಾಕ್ಟೀರಿಯಾ. ಮೊದಲನೆಯದರಲ್ಲಿ ತೊಳೆದ ದವನದ ಎಣ್ಣೆ, ಎರಡನೆಯದರಲ್ಲಿ ತೊಳೆಯದ ದವನದ್ದು, ಮೂರನೆಯದರಲ್ಲಿ ಬರೀ ಭಂಡಾರದ್ದು, ನಾಲ್ಕನೆಯದರಲ್ಲಿ ಖಾಲಿ ಬಿಲ್ಲೆ. ಒಂದು ಸಲಕ್ಕೆ ಒಂದೇ ಬದಲು.

ಸೋಮವಾರ ಏಳಕ್ಕೆ ಪೆಟ್ಟಿಗೆ ತೆರೆದೆ. ತೆರೆಯುವ ಮೊದಲು, ಎರಡೂ ಸಮ ಬಂದಿರಲಿ ತಾಯಿ ಎಂದು ಬೇಡಿಕೊಂಡದ್ದು ಸುಳ್ಳಲ್ಲ. ತೊಳೆದ ದವನದ ಉಂಗುರ ನೂಲಿನಷ್ಟು, ಮನೋಳಿಯದ್ದರ ಹಾಗೆಯೇ. ತೊಳೆಯದ್ದರ ಉಂಗುರ ದೊಡ್ಡದು, ಮೊದಲ ಸಲದಷ್ಟೇ. ಬರೀ ಭಂಡಾರದ್ದು ನಡುವಿನ ಗಾತ್ರ. ಖಾಲಿ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಹಾಲಿನ ಕೆನೆಯಂತೆ ಬೆಳೆದಿತ್ತು. ಸಾಕ್ಷಿ ಸರಿಯಾಗಿತ್ತು. ತಪ್ಪಿಸಿಕೊಳ್ಳಲು ಎಲ್ಲೂ ಸಂದಿ ಇರಲಿಲ್ಲ.

ನಾಲ್ಕನ್ನೂ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಎಂಟೂವರೆಗೆ ಚಪ್ಪಲಿಯ ಸಪ್ಪಳ. "ರುದ್ರಪ್ಪಾರ, ಬಂದೀರೇನ್ರಿ?"

"ಬಂದೇನ್ರಿ. ಇಲ್ಲೆ ಬರ್ರಿ ಮೇಡಮ್ಮಾರ."

ಅವರು ಒಂದರಿಂದ ನಾಲ್ಕರವರೆಗೆ ನೋಡಿದರು. ಮತ್ತೆ ನಾಲ್ಕರಿಂದ ಒಂದಕ್ಕೆ ಬಂದರು. ನಾನು ವಹಿ ತೆರೆದು ಆ ಗುರುತಿನ ಮೇಲೆ ಬೆರಳಿಟ್ಟೆ. "ಇದು ಸುಳ್ಳ ಐತ್ರಿ. ನಾ ತೊಳದಿದ್ದಿಲ್ಲ. ತಾಯಿ ಭಂಡಾರ ಅಂತ ಹಂಗ ಹಾಕಿದ್ದೆ."

ಬಯ್ಯಲಿ ಎಂದು ಕಾದೆ. ಅವರು ನಾಲ್ಕನೆಯ ಡಿಷ್ ಎತ್ತಿ ಬೆಳಕಿಗೆ ಹಿಡಿದರು.

"ಖಾಲಿ ಬಿಲ್ಲಿ ಇಟ್ಟೀರಿ."

"ಹೌದ್ರಿ."

"ಯಾರ ಹೇಳಿದ್ರು?"

"ನೀವ ಹೇಳಿದ್ರಲ್ರಿ. ಲೋಬಾನ ಇಟ್ಟ ದಿನಾ."

ಅವರ ಕಣ್ಣಲ್ಲಿ ನೀರಿತ್ತು. ಹೋದ ಕೆಲಸಕ್ಕೋ ಬೇರೆಯದಕ್ಕೋ ನಾನು ಇಂದಿಗೂ ಅರಿಯೆ. ಆಮೇಲೆ ಎರಡನೆಯ ಮತ್ತು ಮೂರನೆಯ ಡಿಷ್‌ಗಳನ್ನು ಪಕ್ಕಪಕ್ಕಕ್ಕೆ ಹಿಡಿದು, "ನೋಡ್ರಿಲ್ಲೆ, ದವನಾ ಒಂದ ಇದ್ರ ಸಣ್ಣದು, ಭಂಡಾರ ಒಂದ ಇದ್ರ ನಡುವಿಂದು. ಎರಡೂ ಕೂಡಿದ್ರ ದೊಡ್ಡದು. ಇದೂ ಒಂದ ಮಾತ ಹೇಳತೈತಿ" ಎಂದರು.

"ಹಂಗಾರ ಅದನ್ನ ಬರೀರಿ ಮೇಡಮ್ಮಾರ." ನನ್ನ ದನಿಯಲ್ಲಿ ಆಸೆ ಇತ್ತು.

"ಹೆಂಗ ಬರೀಲಿ? ಪ್ಯಾಟಿ ಭಂಡಾರದಾಗ ಏನೇನ ಕೂಡಸ್ಯಾರೋ ಯಾರಿಗೆ ಗೊತ್ತು? ಹೊಲದಾಗಿಂದ ಅರಿಶಿಣ ತಂದು, ಅಳದು, ಮತ್ತ ಮೊದಲಿಂದ ಸುರು ಮಾಡಬೇಕು. ಎರಡ ವರ್ಷದ ಕೆಲಸ. ಮುಂದ ಯಾವಾಗರೆ ಇಬ್ಬರೂ ಕೂಡೇ ನೋಡೂಣು."

ಚೀಲದಿಂದ ಆ ಆರು ಹಾಳೆ ತೆಗೆದರು. ಕೆಂಪು ಪೆನ್ನಿಗಾಗಿ ತಡಕಾಡಿದರು. ಅದು ನನ್ನ ಜೇಬಿನಲ್ಲಿತ್ತು, ಡಿಷ್ ಮೇಲೆ ಗುರುತು ಹಾಕುವುದು ಅದರಿಂದಲೇ. ತೆಗೆದು ಕೊಟ್ಟೆ. ಅವರು ಗೆರೆ ಎಳೆಯುವುದನ್ನು ನೋಡಲಾಗದೆ ಡಿಷ್ ತೊಳೆಯಲು ನಲ್ಲಿಯ ಕಡೆ ತಿರುಗಿದೆ. ಹಾಳೆಗಳನ್ನು ನನ್ನ ಮೇಜಿನ ಮೇಲೆ ಮಡಚಿಟ್ಟು ಪಾಠಕ್ಕೆ ಹೋದರು. ಆ ದಿನವೇ ಸಭೆಗೆ ಬರುವುದಿಲ್ಲವೆಂದು ಪತ್ರ ಬರೆದರು.

ಸಂಜೆ ದೊಡ್ಡ ಸರ್ ಬಂದರು. ವಿಷಯ ಗೊತ್ತಾಗಿತ್ತು. ಬಾಗಿಲಲ್ಲೇ ನಿಂತು, "ಏನೋ ರುದ್ರಪ್ಪ, ನಾ ಆಗಿದ್ರ ಸುಮ್ಮನ ಇರತಿದ್ನೋ ಏನೋ" ಎಂದರು. ಗಾಜಿನ ಕಪಾಟಿನ ಕೀಲಿಯನ್ನು ಮೇಜಿನ ಮೇಲಿಟ್ಟು ಹೋದರು. ಮತ್ತೆ ಕೇಳಲಿಲ್ಲ. ನಿವೃತ್ತಿಯ ದಿನದವರೆಗೂ ಅದು ನನ್ನ ಉಡದಾರದಲ್ಲೇ ಇತ್ತು.

ಮೇಡಂ ಪ್ರಬಂಧ ಮುಗಿಸಿದ್ದು ಅಜವಾನ ಮತ್ತು ಕಾಡುತುಳಸಿಯ ಮೇಲೆ. ದವನದ ಮಾತೇ ಅದರಲ್ಲಿಲ್ಲ. ೨೦೦೪ರಲ್ಲಿ ದೂರದ ವಿಶ್ವವಿದ್ಯಾಲಯವೊಂದರಲ್ಲಿ ಕೆಲಸ ಸಿಕ್ಕು ಹೊರಟರು. ಹೋಗುವ ದಿನ, "ಭಂಡಾರದ್ದು ಬಾಕಿ ಐತಿ ರುದ್ರಪ್ಪಾರ, ಮರೀಬ್ಯಾಡ್ರಿ" ಎಂದರು. ನಾನು ಮರೆತಿಲ್ಲ. ಆಮೇಲೆ ಐದು ವರ್ಷ, ಅವರು ಯಾವಾಗ ಬಂದರೂ ಇರಲಿ ಎಂದು, ಮನೋಳಿಯ ತೋಟದವರಿಂದ ಕಲಬೆರಕೆ ಇಲ್ಲದ ಅರಿಶಿನದ ಬೇರು ತರಿಸಿ ಒಣಗಿಸಿ ಡಬ್ಬಿಯಲ್ಲಿ ಇಡುತ್ತಿದ್ದೆ. ಹಳೆಯದಾದದ್ದನ್ನು ಗಂಗವ್ವ ಸಾರಿಗೆ ಹಾಕುತ್ತಿದ್ದಳು. ಮೇಡಂ ಬರಲಿಲ್ಲ. ಅವರಿಗೂ ಅವರ ಕೆಲಸಗಳಿದ್ದಾವು.

ಅವರ ಪ್ರಬಂಧದ ಪ್ರತಿ ಧಾರವಾಡದ ಗ್ರಂಥಾಲಯದಲ್ಲಿ ಇದೆಯಂತೆ. ಅಂಥ ಪುಸ್ತಕಗಳ ಮೊದಲಿಗೆ ಸಹಾಯ ಮಾಡಿದವರ ಹೆಸರು ಬರೆಯುವುದು ರೂಢಿ ಎಂದು ಯಾರೋ ಹೇಳಿದರು. ಬಸ್ಸು ಹತ್ತಿದರೆ ಹೋಗಿ ನೋಡಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಎರಡು ಸಲ ಬಸ್‌ಸ್ಟ್ಯಾಂಡಿನ ತನಕ ಹೋಗಿ ತಿರುಗಿ ಬಂದಿದ್ದೇನೆ.

ಹೊಸಬರಿಗೆ ನಾನು ಹೇಳುವುದು ಹೆಚ್ಚಿಲ್ಲ. ತೊಳೆಯದೆ 'ತೊಳೆದಿದೆ' ಎಂದು ಗುರುತು ಹಾಕಬೇಡಿ. ಖಾಲಿ ಬಿಲ್ಲೆಯನ್ನು ಎಂದೂ ಮರೆಯಬೇಡಿ. ಮೂಗಿಗೆ ಹತ್ತಿದ್ದನ್ನು ಅಂದೇ ಹೇಳಿಬಿಡಿ. ನಾನು ಒಂದು ತಿಂಗಳು ತಡಮಾಡಿದೆ.

ಕಳೆದ ವರ್ಷ ನಿವೃತ್ತನಾದೆ. ಈಗ ನನ್ನ ಬಳಿ ಇರುವುದು ಇಷ್ಟು. ಉಕ್ಕಿನ ಸ್ಕೇಲು ಒಂದು. ಬಿಲ್ಲೆ ಕೊರೆಯುವ ಹಳೆಯ ಪಂಚಿಂಗ್ ಮಷೀನು ಒಂದು. ಗಾಜಿನ ಡಿಷ್ ನಾಲ್ಕು, ಕಾಲೇಜಿನವರು ಬೇಡವೆಂದು ಕೊಟ್ಟದ್ದು. ಕುಂಡದಲ್ಲಿ ದವನದ ಗಿಡ ಮೂರು. ಅರಿಶಿನದ ಬೇರಿನ ಡಬ್ಬಿ ಒಂದು, ಅರ್ಧ ತುಂಬಿದ್ದು. ಟೈಪ್ ಮಾಡಿದ ಹಾಳೆ ಆರು. ಮೊದಲ ಹಾಳೆಯಲ್ಲಿ ತಲೆಬರಹದ ಮೇಲೆ ಕೆಂಪು ಗೆರೆ ಒಂದು, ಉಳಿದ ಬರಹದ ಮೇಲೆ ಮೂಲೆಯಿಂದ ಮೂಲೆಗೆ ಇನ್ನೊಂದು. ನಡುವೆ ಗೆರೆ ಬೀಳದೆ ಉಳಿದ ಹೆಸರು ಎರಡು.